ಯಂತ್ರ ನಿಂತರೂ ಗಡಿಯಾರ ನಿಲ್ಲದು

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಸುಂಕದವನಿಗೆ ಕಿವಿಗಳಾದರೂ ಇದ್ದವು. ವರ್ತಕನ ಅಳಲನ್ನು ಅವನು ಮನಸ್ಸಿಗೆ ಹಾಕಿಕೊಳ್ಳುತ್ತಿದ್ದನೋ ಇಲ್ಲವೋ, ಕಟ್ಟೆಯ ಮೇಲೆ ಕುಳಿತಂತೂ ಇರುತ್ತಿದ್ದನು. ಇಂದು ಆ ಸ್ಥಾನದಲ್ಲಿ ಗಣಕಯಂತ್ರ ಕುಳಿತಿದೆ. ಅದು ನಡೆಯುವ ದಿನಗಳಲ್ಲಿ ಲಂಚ ಕೇಳುವುದಿಲ್ಲ, ಊಟಕ್ಕೆ ಏಳುವುದಿಲ್ಲ, ಮುಖ ನೋಡಿ ಮಣೆ ಹಾಕುವುದಿಲ್ಲ. ನಡೆಯದ ದಿನಗಳಲ್ಲಿ ಮಾತ್ರ ಅದರ ಮುಂದೆ ಸುಖದುಃಖವನ್ನಷ್ಟೇ ಅಲ್ಲ, ಹೆಸರು ವಿಳಾಸವನ್ನು ಹೇಳಿಕೊಳ್ಳುವುದೂ ಸಾಧ್ಯವಿಲ್ಲ.

‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಪಟ್ಟಣದ ಯಾವ ಸಂಸಾರಕ್ಕೂ ಹೊಸದಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ, ನೋಂದಣಿ ಕಚೇರಿಯಲ್ಲಿ, ಬ್ಯಾಂಕಿನ ಕಿಟಕಿಯಲ್ಲಿ ಅದನ್ನು ಕೇಳದವರು ವಿರಳ. ಅಲ್ಲೆಲ್ಲ ನಷ್ಟವಾಗುವುದು ಒಂದು ದಿನದ ಓಡಾಟ. ಆದರೆ ವಿದೇಶದಿಂದ ಸರಕು ತರಿಸುವವರ ಪಾಲಿಗೆ ಈ ಮಾತು ಅಷ್ಟಕ್ಕೆ ಮುಗಿಯುವುದಿಲ್ಲ. ಅವರ ಸರಕು ಬಂದರಿನಲ್ಲೋ ವಿಮಾನ ನಿಲ್ದಾಣದಲ್ಲೋ ಬಂದು ಕುಳಿತಿರುತ್ತದೆ. ಅದರ ಮೇಲೆ ಮೂರು ನಾಲ್ಕು ಕಡೆಗಳಿಂದ ಬಾಡಿಗೆಯೂ ದಂಡವೂ ಬಡ್ಡಿಯೂ ಏರತೊಡಗಿರುತ್ತವೆ. ಆ ಸರಕು ಎರಡರಿಂದ ಎಂಟು ಡಿಗ್ರಿ ಶೈತ್ಯದಲ್ಲಿ ಇರಬೇಕಾದ ಲಸಿಕೆಯೂ ಆಗಿರಬಹುದು, ನಿಂತುಹೋದ ಕಾರ್ಖಾನೆಗೆ ಬೇಕಾದ ಬಿಡಿಭಾಗವೂ ಆಗಿರಬಹುದು. ಕೊನೆಗೆ ಆ ಖರ್ಚು ಸರಕಿನ ಬೆಲೆಯಲ್ಲಿ ಸೇರಿ ಕೊಳ್ಳುವವರ ಮನೆಯನ್ನೇ ತಲಪುತ್ತದೆ.

ಸುಂಕದ ಘೋಷಣೆಯೆಂಬುದು ಇಂದು ನಿನ್ನೆಯ ಪದ್ಧತಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನೆಂಬ ಅಧಿಕಾರಿಯ ವಿವರಣೆಯಿದೆ. ನಗರದ ಹೆಬ್ಬಾಗಿಲ ಬಳಿ ಶುಲ್ಕಶಾಲೆ, ಅದರ ಮೇಲೊಂದು ಧ್ವಜ. ಅಲ್ಲಿ ನಾಲ್ಕೈದು ಮಂದಿ ಕುಳಿತು ಬಂದ ವರ್ತಕರ ವಿವರ ಬರೆದುಕೊಳ್ಳಬೇಕು. ಬಂದವರು ಯಾರು, ಎಲ್ಲಿಂದ ಬಂದರು, ತಂದ ಸರಕೆಷ್ಟು, ಅದರ ಮೇಲೆ ಮುದ್ರೆ ಬಿದ್ದದ್ದು ಎಲ್ಲಿ, ಇವೇ ಅಲ್ಲಿನ ಪ್ರಶ್ನೆಗಳು. ಮುದ್ರೆಯಿಲ್ಲದ ಸರಕಿಗೆ ಎರಡು ಪಟ್ಟು ಸುಂಕ. ಸುಳ್ಳು ಮುದ್ರೆಗೆ ಎಂಟು ಪಟ್ಟು. ಇಂದಿನ ‘ಬಿಲ್ ಆಫ್ ಎಂಟ್ರಿ’ ಎಂಬ ಆಮದು ಘೋಷಣಾಪತ್ರ ಕೇಳುವುದೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಬದಲಾದದ್ದು ಬರೆದುಕೊಳ್ಳುವ ಕೈ ಮಾತ್ರ.

ಭಾರತದ ಸುಂಕದ ಕಾನೂನು 1962ನೆಯ ಇಸವಿಯದು. ಬಹುಕಾಲ ಈ ಘೋಷಣೆಯನ್ನು ಕಾಗದದ ಮೇಲೆಯೇ ಸಲ್ಲಿಸಲಾಗುತ್ತಿತ್ತು. ದೇಶದೊಳಗಿನ ಬಳಕೆಗೆ ನೇರವಾಗಿ ಬಿಡಿಸಿಕೊಳ್ಳುವ ಸರಕಿಗೆ ಬಿಳಿಯ ನಮೂನೆ, ಸುಂಕ ಕಟ್ಟದೆ ಉಗ್ರಾಣದಲ್ಲಿ ಇರಿಸುವ ಸರಕಿಗೆ ಹಳದಿ, ಆ ಉಗ್ರಾಣದಿಂದ ಹೊರಗೆ ತೆಗೆಯುವ ಸರಕಿಗೆ ಹಸಿರು. ದೂರದಿಂದ ಕಾಗದದ ಬಣ್ಣ ಕಂಡರೆ ಸಾಕು, ಸರಕಿನ ಗತಿ ಗುಮಾಸ್ತರಿಗೆ ತಿಳಿಯುತ್ತಿತ್ತು. 1990ರ ದಶಕದಲ್ಲಿ ಗಣಕಯಂತ್ರಗಳು ಸುಂಕದ ಕಚೇರಿಗಳಿಗೆ ಕಾಲಿಟ್ಟವು. 2011ರಲ್ಲಿ ಕಾನೂನಿನ 46ನೆಯ ವಿಧಿಗೆ ತಿದ್ದುಪಡಿಯಾಗಿ, ಘೋಷಣೆಯನ್ನು ಯಂತ್ರದ ಮೂಲಕವೇ ಸಲ್ಲಿಸಬೇಕೆಂಬುದು ಕಡ್ಡಾಯವಾಯಿತು. ಇಂದು ‘ಐಸ್‌ಗೇಟ್’ ಎಂಬ ಹೆಬ್ಬಾಗಿಲನ್ನು ದಾಟದೆ ಸಾಮಾನ್ಯವಾಗಿ ಯಾವ ವ್ಯಾಪಾರದ ಸರಕೂ ದೇಶದೊಳಕ್ಕೆ ಬರುವಂತಿಲ್ಲ.

ಇದರ ಮುಂದಿನ ಹೆಜ್ಜೆಗೆ ಬೆಂಗಳೂರೇ ಸಾಕ್ಷಿ. ಅಧಿಕಾರಿಯ ಮುಖವನ್ನು ವರ್ತಕ ನೋಡದೆಯೇ ಸುಂಕ ನಿರ್ಧಾರವಾಗುವ ಪದ್ಧತಿ 2020ರ ಜೂನ್ 8ರಂದು ಮೊಟ್ಟಮೊದಲಿಗೆ ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಆರಂಭವಾಯಿತು; ಅದೇ ವರ್ಷದ ಅಕ್ಟೋಬರ್ ಕೊನೆಯ ವೇಳೆಗೆ ದೇಶಕ್ಕೆಲ್ಲ ಹರಡಿತು. ಬೆಂಗಳೂರಿಗೆ ಬಂದ ಪೆಟ್ಟಿಗೆಯ ಕಾಗದಗಳನ್ನು ಬೇರಾವುದೋ ಊರಿನ ಅಧಿಕಾರಿ ತನ್ನ ಮೇಜಿನ ಮೇಲಿನ ತೆರೆಯಲ್ಲಿ ಪರಿಶೀಲಿಸುತ್ತಾನೆ. ಪಕ್ಷಪಾತಕ್ಕೆ ಎಡೆಯಿರಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಯಂತ್ರ ನಿಂತ ದಿನ ಯಾರ ಬಾಗಿಲು ಬಡಿಯಬೇಕೆಂಬ ಪ್ರಶ್ನೆ ಇದರಿಂದ ಇನ್ನಷ್ಟು ಗಡುಸಾಗಿದೆ.

ಉತ್ತರ ಕಾನೂನಿನಲ್ಲಿಯೇ ಇದೆ, ಓದುವವರು ಕಡಿಮೆ. ಯಂತ್ರದ ಮೂಲಕ ಸಲ್ಲಿಸಬೇಕೆಂದು ವಿಧಿಸುವ 46ನೆಯ ವಿಧಿಯೇ, ಹಾಗೆ ಸಲ್ಲಿಸುವುದು ಸಾಧ್ಯವಾಗದ ಸಂದರ್ಭಗಳಲ್ಲಿ ಬೇರೆ ರೀತಿಯಲ್ಲಿ ಸಲ್ಲಿಸಲು ಸುಂಕದ ಆಯುಕ್ತರು ಅನುಮತಿ ಕೊಡಬಹುದೆಂದು ಅದರ ಬೆನ್ನಿಗೇ ಹೇಳುತ್ತದೆ. ಅಂದರೆ ಹೆಬ್ಬಾಗಿಲು ಮುಚ್ಚಿದಾಗ ತೆರೆಯಬಹುದಾದ ದಿಡ್ಡಿಬಾಗಿಲೊಂದು ಇದೆ. ಆದರೆ ಅದು ತಾನಾಗಿ ತೆರೆದುಕೊಳ್ಳುವುದಿಲ್ಲ. ಅನುಮತಿ ಕೊಡುವುದು ಆಯುಕ್ತರ ವಿವೇಚನೆ. ಕೇಳಿಕೊಳ್ಳಬೇಕಾದದ್ದು ಆಮದುದಾರನ ಕೆಲಸ. ಯಂತ್ರ ಸರಿಹೋಗುತ್ತದೆಂದು ತೆರೆಯನ್ನೇ ದಿಟ್ಟಿಸುತ್ತ ಮೂರು ದಿನ ಕಳೆದವನಿಗೂ, ಮೊದಲ ದಿನವೇ ಅರ್ಜಿ ಕೊಟ್ಟವನಿಗೂ ಮುಂದೆ ದೊರೆಯುವ ನ್ಯಾಯದಲ್ಲಿ ವ್ಯತ್ಯಾಸವಾಗಬಹುದು.

ಏಕೆಂದರೆ ಯಂತ್ರ ನಿಂತರೂ ಗಡಿಯಾರ ನಿಲ್ಲುವುದಿಲ್ಲ. ಆಮದಿನ ವ್ಯವಹಾರದಲ್ಲಿ ಏಕಕಾಲಕ್ಕೆ ನಡೆಯುವ ಗಡಿಯಾರಗಳು ಹಲವು. ಘೋಷಣೆಯನ್ನು ನಿಗದಿಯಾದ ದಿನದೊಳಗೆ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನಗಳಿಗೆ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ ಎಂದು 2018ರ ನಿಯಮಾವಳಿ ವಿಧಿಸಿತು. ಐದು ದಿನ ತಡವಾದರೆ ಮೊದಲ ಮೂರು ದಿನಗಳ 15,000, ಉಳಿದೆರಡು ದಿನಗಳ 20,000, ಒಟ್ಟು 35,000 ರೂಪಾಯಿ. ಸುಂಕ ಕಟ್ಟುವುದು ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ. ನಾಲ್ಕು ಲಕ್ಷ ರೂಪಾಯಿ ಸುಂಕಕ್ಕೆ ಅದು ದಿನಕ್ಕೆ ಸುಮಾರು 164 ರೂಪಾಯಿಯಾಗುತ್ತದೆ. ಇವೆರಡು ಸರಕಾರದ ಗಡಿಯಾರಗಳು. ಬಂದರಿನ ಜಾಗದ ಬಾಡಿಗೆ, ಹಡಗು ಕಂಪನಿಯ ಕಂಟೇನರಿನ ಬಾಡಿಗೆ ಇವು ಬೇರೆ. ಸರಕಾರ ತನ್ನ ದಂಡವನ್ನು ಬಿಟ್ಟುಕೊಟ್ಟರೂ ಹಡಗಿನವರು ಒಪ್ಪಂದದಂತೆ ತಮ್ಮ ಲೆಕ್ಕ ಕೇಳಿಯೇ ಕೇಳುತ್ತಾರೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸುಂಕದ ದರದ ಗಡಿಯಾರ. ಸರಕು ಬಂದಿಳಿದ ಮೇಲೆ ಘೋಷಣೆ ಸಲ್ಲಿಸಿದರೆ, ಸಲ್ಲಿಸಿದ ದಿನ ಯಾವ ದರ ಜಾರಿಯಲ್ಲಿದೆಯೋ ಅದೇ ದರ. ವಿದೇಶೀ ನಾಣ್ಯದ ವಿನಿಮಯ ದರವೂ ಆ ದಿನದ್ದೇ. ಇದರ ಬೆಲೆ ಎಷ್ಟೆಂಬುದಕ್ಕೆ ಅಟ್ಟಾರಿ ಗಡಿಯ ಮೊಕದ್ದಮೆಯೊಂದು ಪ್ರಸಿದ್ಧ ಉದಾಹರಣೆ. 2019ರ ಫೆಬ್ರವರಿಯಲ್ಲಿ ಪುಲ್ವಾಮಾದ ದುರಂತದ ಬಳಿಕ ಪಾಕಿಸ್ತಾನದ ಎಲ್ಲ ಸರಕಿಗೂ ನೂರಕ್ಕೆ 200ರಷ್ಟು ಸುಂಕ ವಿಧಿಸಿ ಸರಕಾರ ಅಧಿಸೂಚನೆ ಹೊರಡಿಸಿತು. ಅದು ಇ-ಗೆಜೆಟ್ಟಿನಲ್ಲಿ ಪ್ರಕಟವಾದದ್ದು ಫೆಬ್ರವರಿ 16ರ ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಅದೇ ದಿನ, ಅದಕ್ಕಿಂತ ಮೊದಲೇ, ಹಲವು ವರ್ತಕರು ಅಟ್ಟಾರಿಯಲ್ಲಿ ತಮ್ಮ ಘೋಷಣೆಗಳನ್ನು ಸಲ್ಲಿಸಿಯಾಗಿತ್ತು. ದಿನ ಒಂದೇ ಆದ್ದರಿಂದ ಹೊಸ ದರವನ್ನೇ ಕಟ್ಟಬೇಕೆಂದು ಇಲಾಖೆ ವಾದಿಸಿತು. 2020ರ ಸೆಪ್ಟೆಂಬರ್ 23ರಂದು ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಎರಡೂ ಕಾರ್ಯಗಳು ಯಂತ್ರದಲ್ಲಿ ನಡೆದು, ಎರಡಕ್ಕೂ ಕ್ಷಣದ ಗುರುತಿರುವಾಗ, ಮೊದಲು ಬಂದ ಘೋಷಣೆಗೆ ಆಮೇಲೆ ಪ್ರಕಟವಾದ ದರ ತಾಗದೆಂದು ತೀರ್ಪಿತ್ತಿತು.

ಆ ವರ್ತಕರನ್ನು ಉಳಿಸಿದ್ದು ಯಂತ್ರ ಬರೆದಿಟ್ಟ ಹೊತ್ತು. ಅಂಥದೇ ಸಂಜೆಯಲ್ಲಿ ಯಂತ್ರವೇ ನಿಂತಿದ್ದರೆ? ಘೋಷಣೆ ಸಲ್ಲಿಸಲು ಬಂದವನು ಬಂದದ್ದು ನಿಜ, ಆದರೆ ಬಂದನೆಂದು ಹೇಳುವವರಾರು? ಯಂತ್ರ ಕೆಟ್ಟ ದಿನ ಕೆಲಸ ಕೆಡುವುದರ ಜೊತೆಗೆ ಸಾಕ್ಷಿಯೂ ಇಲ್ಲವಾಗುತ್ತದೆ. ಆದ್ದರಿಂದ ಆ ದಿನ ಆಮದುದಾರನ ಮತ್ತು ಅವನ ಕಸ್ಟಮ್ಸ್ ದಳ್ಳಾಳಿಯ ಮೊದಲ ಕರ್ತವ್ಯ, ಯಂತ್ರ ನುಡಿಯಬೇಕಾಗಿದ್ದ ಸಾಕ್ಷ್ಯವನ್ನು ಕಾಗದದ ಮೇಲೆ ನಿರ್ಮಿಸಿಕೊಳ್ಳುವುದು.

ಅದು ಕಷ್ಟದ ಕೆಲಸವೇನಲ್ಲ. ಯಂತ್ರ ತೋರಿಸಿದ ದೋಷದ ಸಂದೇಶವನ್ನು ದಿನ, ಗಂಟೆ ಕಾಣುವಂತೆ ಚಿತ್ರ ತೆಗೆದಿರಿಸಬೇಕು. ಒಂದು ಬಾರಿ ಸಾಲದು. ಗಂಟೆ ಗಂಟೆಗೂ ಪ್ರಯತ್ನಿಸಿ ಪ್ರತಿಯೊಂದನ್ನೂ ಗುರುತು ಮಾಡಿಡಬೇಕು. ಸಹಾಯವಾಣಿಗೆ ದೂರು ಕೊಟ್ಟು ದೂರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಸರಕಿನ ವಿವರ, ಬೆಲೆಪಟ್ಟಿ, ಹಡಗಿನ ಅಥವಾ ವಿಮಾನದ ಕಾಗದಗಳೊಂದಿಗೆ ಆಯುಕ್ತರ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಸಲ್ಲಿಸಿ, ಪ್ರತಿಯ ಮೇಲೆ ಮೊಹರನ್ನೂ ಹೊತ್ತನ್ನೂ ಹಾಕಿಸಿಕೊಳ್ಳಬೇಕು. ಬಾಯಿಮಾತಿನಲ್ಲಿ ‘ಆಗಲಿ, ನೋಡೋಣ’ ಎಂದ ಅಧಿಕಾರಿ ಸುಳ್ಳು ಹೇಳುವವರೆಂದಲ್ಲ. ಮುಂದಿನ ತಿಂಗಳು ಆ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿರಬಹುದು.

ತಡವಾದ ಘೋಷಣೆಯ ದಂಡದ ವಿಷಯದಲ್ಲಿ ಈ ಕಾಗದಗಳಿಗೆ ವಿಶೇಷ ಬೆಲೆಯಿದೆ. ತಡಕ್ಕೆ ತಕ್ಕ ಕಾರಣವಿರಲಿಲ್ಲವೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ದಂಡ ಎಂಬುದು ಕಾನೂನಿನ ಒಕ್ಕಣೆ. ಕಾರಣವಿತ್ತೆಂದು ತೋರಿಸಬಲ್ಲವನು ದಂಡದಿಂದ ಪಾರಾಗಬಹುದು. ಬಡ್ಡಿಯ ವಿಷಯದಲ್ಲಿಯೂ ಕಾನೂನು ನಿರ್ದಯಿಯಲ್ಲ. ಸಾರ್ವಜನಿಕ ಹಿತಕ್ಕಾಗಿ ಅದನ್ನು ಮನ್ನಾ ಮಾಡುವ ಅಧಿಕಾರವನ್ನು 47ನೆಯ ವಿಧಿ ಕೇಂದ್ರ ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿಗೆ ಕೊಟ್ಟಿದೆ. 2023ರ ಏಪ್ರಿಲ್ ಒಂದರಂದು ಸುಂಕ ಪಾವತಿಗೆ ಹೊಸದೊಂದು ಎಲೆಕ್ಟ್ರಾನಿಕ್ ನಗದು ಖಾತೆಯ ಪದ್ಧತಿ ಬಂದಾಗ ಈ ಅಧಿಕಾರ ಉಪಯೋಗಕ್ಕೆ ಬಂತು. ಹೊಸ ಯಂತ್ರಕ್ಕೂ ಬ್ಯಾಂಕುಗಳಿಗೂ ಹೊಂದಿಕೆಯಾಗದೆ ಹಣ ಕಟ್ಟಲು ಸಿದ್ಧರಿದ್ದವರೂ ಕಟ್ಟಲಾರದೆ ಹೋದರು. ಸರಕು ಅಲ್ಲಲ್ಲೇ ನಿಂತಿತು. ಆ ಮೊದಲ ದಿನಗಳ ಬಡ್ಡಿಯನ್ನು ಮಂಡಳಿ ಆದೇಶ ಹೊರಡಿಸಿ ಮನ್ನಾ ಮಾಡಿತು. ತಪ್ಪು ಯಂತ್ರದ್ದಾದಾಗ ದಂಡ ವರ್ತಕನದಾಗಬಾರದೆಂಬ ತತ್ತ್ವಕ್ಕೆ ಸರಕಾರವೇ ಹಾಕಿದ ಸಹಿ ಅದು.

ಆದರೆ ತಪ್ಪು ಯಾರ ಯಂತ್ರದ್ದು ಎಂಬುದನ್ನೂ ನೋಡಬೇಕು. ಸುಂಕದ ಇಲಾಖೆಯ ಯಂತ್ರ ನಿಂತದ್ದು ಬೇರೆ, ದಳ್ಳಾಳಿಯ ಕಚೇರಿಯಲ್ಲಿ ಕರೆಂಟು ಹೋದದ್ದು ಬೇರೆ, ಬ್ಯಾಂಕಿನ ಜಾಲ ಕೆಟ್ಟದ್ದು ಬೇರೆ. ಎಲೆಕ್ಟ್ರಾನಿಕ್ ಸಹಿಯ ಅವಧಿ ಮುಗಿದುಹೋದದ್ದನ್ನು ಗಮನಿಸದೆ ‘ಸರ್ವರ್ ಇಲ್ಲ’ವೆಂದು ದೂರುವವರೂ ಇದ್ದಾರೆ. ಕೆಲವು ವೇಳೆ ಸುಂಕದ ಯಂತ್ರವೂ ವರ್ತಕನ ಯಂತ್ರವೂ ಸರಿಯಾಗಿಯೇ ಇದ್ದು, ನಡುವಿನ ಕೊಂಡಿ ಕಳಚುವುದುಂಟು. 2017ರ ಜೂನ್ 27ರಂದು ಯುಕ್ರೇನಿನ ಲೆಕ್ಕಪತ್ರದ ತಂತ್ರಾಂಶವೊಂದರ ಮೂಲಕ ಹರಡಿದ ‘ನಾಟ್‌ಪೆಟ್ಯ’ ಎಂಬ ಪಿಡುಗು ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಕಂಪನಿಯನ್ನು ಹೊಕ್ಕಿತು. ಮುಂಬಯಿ ಬಳಿಯ ನವಾ ಶೇವಾ ಬಂದರಿನಲ್ಲಿ ಆ ಗುಂಪು ನಡೆಸುತ್ತಿದ್ದ ಕಟ್ಟೆಯೂ ಅದಕ್ಕೆ ಸಿಕ್ಕಿತು. ಯಾವ ಕಂಟೇನರಿನಲ್ಲಿ ಯಾರ ಸರಕಿದೆಯೆಂಬುದೇ ತಿಳಿಯದಿದ್ದರೆ ಸುಂಕದ ಕಾಗದ ಸಿದ್ಧವಿದ್ದೂ ಏನು ಪ್ರಯೋಜನ? ಆ ಕಂಪನಿ ಹತ್ತೇ ದಿನಗಳಲ್ಲಿ 4,000 ಸರ್ವರ್‌ಗಳನ್ನೂ 45,000 ಗಣಕಯಂತ್ರಗಳನ್ನೂ ಹೊಸದಾಗಿ ಅಣಿಗೊಳಿಸಬೇಕಾಯಿತು. ವಿಚಿತ್ರವೆಂದರೆ, ಪುನರ್ನಿರ್ಮಾಣಕ್ಕೆ ಅತ್ಯಗತ್ಯವಾದ ಮಾಹಿತಿಯ ಒಂದು ಪ್ರತಿ ಉಳಿದದ್ದು ಆಫ್ರಿಕಾದ ಘಾನಾ ದೇಶದಲ್ಲಿ. ಪಿಡುಗು ಹರಡಿದ ಗಳಿಗೆಯಲ್ಲಿ ಅಲ್ಲಿ ಕರೆಂಟು ಹೋಗಿತ್ತು! ನಿಂತ ಯಂತ್ರವೊಂದು ಉಳಿದವಕ್ಕೆಲ್ಲ ಮರುಜೀವ ಕೊಟ್ಟಿತು.

ಇಂಥ ದಿನಗಳಿಗೆ ಮುಂದಾಗಿಯೇ ಸಿದ್ಧವಾಗುವುದು ಹೇಗೆಂಬುದಕ್ಕೆ ಯೂರೋಪಿನ ಒಕ್ಕೂಟದ ಪದ್ಧತಿ ಗಮನಾರ್ಹ. 2016ರ ಮೇ ತಿಂಗಳಿನಿಂದ ಜಾರಿಗೆ ಬಂದ ಅಲ್ಲಿನ ಸುಂಕ ಸಂಹಿತೆ ಎಲ್ಲ ವಿನಿಮಯವೂ ಎಲೆಕ್ಟ್ರಾನಿಕ್ ಆಗಿರಬೇಕೆಂದು ವಿಧಿಸುತ್ತದೆ. ಆದರೆ ಸುಂಕದವರ ಯಂತ್ರವಾಗಲಿ ವರ್ತಕರ ಯಂತ್ರವಾಗಲಿ ತಾತ್ಕಾಲಿಕವಾಗಿ ಕೆಟ್ಟಾಗ ಬೇರೆ ದಾರಿಗೆ ಅವಕಾಶವೀಯುತ್ತದೆ. ಒಂದು ದೇಶವನ್ನು ಹಾದು ಇನ್ನೊಂದು ದೇಶಕ್ಕೆ ಸಾಗುವ ಸರಕಿಗಾಗಿ ಅಲ್ಲೊಂದು ವಿಶೇಷ ಮೊಹರನ್ನೇ ಮಾಡಿಟ್ಟಿದ್ದಾರೆ. ಇದು ಬದಲಿ ಕ್ರಮ, ಯಂತ್ರದಲ್ಲಿ ಇದರ ಮಾಹಿತಿಯಿಲ್ಲ, ಇಂಥ ದಿನ ಆರಂಭವಾಯಿತು ಎಂಬುದು ಅದರ ಮೇಲಿನ ಮೂರು ಸಾಲುಗಳ ಸಾರಾಂಶ. ಕಾಗದದ ಮೇಲೆ ಆ ಮೊಹರು ಬಿದ್ದರೆ ಮುಂದಿನ ಊರಿನ ಅಧಿಕಾರಿ ಯಂತ್ರದಲ್ಲಿ ಹುಡುಕುತ್ತ ಕೂರುವುದಿಲ್ಲ. ಯಂತ್ರ ಕೆಡುವುದನ್ನು ಅವಮಾನವೆಂದು ಬಚ್ಚಿಡದೆ, ಎಂದಾದರೂ ಬಂದೇ ಬರುವ ಅತಿಥಿಯೆಂದು ತಿಳಿದು ಮಣೆ ಹಾಕಿಟ್ಟಿರುವ ವಿವೇಕ ಇದರಲ್ಲಿದೆ.

ಅದೇ ಪದ್ಧತಿಯಲ್ಲಿ ಇನ್ನೊಂದು ಎಚ್ಚರಿಕೆಯ ಮಾತಿದೆ. ಯಂತ್ರಕ್ಕೆ ಹೊಕ್ಕು ಅರ್ಧದಲ್ಲಿ ನಿಂತುಹೋದ ಘೋಷಣೆಯನ್ನು, ಅದಕ್ಕೆ ಬದಲಾಗಿ ಕಾಗದದ ಘೋಷಣೆ ನಡೆದ ಮೇಲೆ, ರದ್ದು ಮಾಡಲೇಬೇಕು. ಏಕೆಂದರೆ ಯಂತ್ರ ಕೆಡುವುದಕ್ಕಿಂತಲೂ ಹೆಚ್ಚಿನ ಗೊಂದಲ ಹುಟ್ಟುವುದು ಅದು ಮತ್ತೆ ಎದ್ದಾಗ. ಮೂರು ದಿನದ ಕೆಲಸ ಒಮ್ಮೆಗೇ ನುಗ್ಗುತ್ತದೆ. ಕಾಗದದಲ್ಲಿ ಸಲ್ಲಿಸಿದ್ದನ್ನು ಮರೆತು ಅದೇ ಸರಕಿಗೆ ಇನ್ನೊಂದು ಘೋಷಣೆ ಸಲ್ಲಿಸುವವರುಂಟು. ಹಣ ಹೋಯಿತೋ ಇಲ್ಲವೋ ಎಂಬ ಆತಂಕದಿಂದ ಗುಂಡಿಯನ್ನು ಎರಡು ಬಾರಿ ಒತ್ತಿ ಸುಂಕವನ್ನು ಎರಡು ಬಾರಿ ಕಟ್ಟುವವರುಂಟು. ಹೀಗೆ ಹೆಚ್ಚಾಗಿ ಕಟ್ಟಿದ್ದನ್ನು ಹಿಂದಕ್ಕೆ ಕೇಳಲು ಭಾರತದ ಕಾನೂನಿನ 27ನೆಯ ವಿಧಿಯಂತೆ ಅವಕಾಶವಿದೆ. ಆದರೆ ಅದಕ್ಕೂ ಒಂದು ವರ್ಷದ ಗಡುವಿದೆ. ಬ್ಯಾಂಕಿನ ಖಾತೆಯಿಂದ ಹಣ ಕಳೆದಿದೆಯೇ ಎಂದು ನೋಡಿಕೊಂಡು, ಕಾಗದದ ಘೋಷಣೆಯನ್ನು ಯಂತ್ರಕ್ಕೆ ಸೇರಿಸುವ ಬಗೆಯನ್ನು ಅಧಿಕಾರಿಯಿಂದ ಕೇಳಿ ತಿಳಿದು, ಆಮೇಲೆ ಗುಂಡಿ ಒತ್ತುವವನು ಜಾಣ.

ಇನ್ನೂ ಜಾಣನಾದವನು ಯಂತ್ರ ಕೆಡುವ ದಿನಕ್ಕೆ ಕೆಲಸವನ್ನೇ ಉಳಿಸಿಕೊಳ್ಳುವುದಿಲ್ಲ. ಸರಕು ಬರುವ ನಿರೀಕ್ಷೆಯಿರುವ ದಿನಕ್ಕೆ 30 ದಿನ ಮುಂಚಿನಿಂದಲೇ ಘೋಷಣೆ ಸಲ್ಲಿಸಲು ಕಾನೂನು ಅವಕಾಶ ಕೊಟ್ಟಿದೆ. 2021ರ ತಿದ್ದುಪಡಿಯ ಬಳಿಕ, ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಸುವುದೇ ಸಾಮಾನ್ಯ ನಿಯಮ. ಕೊನೆಯ ದಿನದ ಕೊನೆಯ ಗಂಟೆಗೆ ಕಾದವನಿಗೆ ಯಂತ್ರ ಎರಡು ಗಂಟೆ ನಿಂತರೂ ಸಂಕಟ. ವಾರ ಮುಂಚೆ ಸಲ್ಲಿಸಿದವನಿಗೆ ಎರಡು ದಿನ ನಿಂತರೂ ಅದೊಂದು ಸುದ್ದಿ ಮಾತ್ರ. ಇಷ್ಟಾಗಿಯೂ ಸರಕು ಸಿಕ್ಕಿಹಾಕಿಕೊಂಡರೆ ಅದನ್ನು ಬಿಡುಗಡೆಯಾಗುವ ತನಕ 30 ದಿನಗಳವರೆಗೆ ಸಾರ್ವಜನಿಕ ಉಗ್ರಾಣದಲ್ಲಿ ಇರಿಸಲು ಅನುಮತಿ ಕೇಳುವ ದಾರಿಯನ್ನು 49ನೆಯ ವಿಧಿ ತೋರಿಸುತ್ತದೆ.

ಈ ದಾರಿಗಳೆಲ್ಲ ದೊಡ್ಡ ಕಂಪನಿಗಳಿಗೆ ತಿಳಿದಿರುತ್ತವೆ. ಅವರಲ್ಲಿ ವಕೀಲರಿದ್ದಾರೆ, ಅನುಭವಿಗಳಾದ ಗುಮಾಸ್ತರಿದ್ದಾರೆ. ತೊಂದರೆಗೆ ಸಿಕ್ಕುವುದು ಸಣ್ಣವರು. ಪೀಣ್ಯದ ಒಂದು ಚಿಕ್ಕ ಕಾರ್ಖಾನೆ ಮೊದಲ ಬಾರಿಗೆ ಜರ್ಮನಿಯಿಂದ ಒಂದು ಬಿಡಿಭಾಗ ತರಿಸಿತೆಂದಿಟ್ಟುಕೊಂಡರೆ, ಅದರ ಯಜಮಾನನಿಗೆ ಆಯುಕ್ತರ ಅನುಮತಿಯ ವಿಷಯ ತಿಳಿದಿರುವುದು ಹೇಗೆ? ‘ಸರ್ವರ್ ಇಲ್ಲ’ ಎಂದರೆ ಅವನು ಮನೆಗೆ ಹಿಂದಿರುಗುತ್ತಾನೆ. ತಿರುಗಿ ಬರುವ ಹೊತ್ತಿಗೆ ದಂಡದ ಲೆಕ್ಕ ಸಿದ್ಧವಾಗಿರುತ್ತದೆ. ಬಿಡಿಭಾಗ ಬಾರದೆ ಯಂತ್ರ ನಿಂತು, ಹತ್ತು ಮಂದಿ ಕೆಲಸಗಾರರು ಕೈಕಟ್ಟಿ ಕುಳಿತದ್ದು ಆ ಲೆಕ್ಕದಲ್ಲಿ ಸೇರುವುದೇ ಇಲ್ಲ. ಆದ್ದರಿಂದ ಯಂತ್ರ ನಿಂತಾಗ ಏನು ಮಾಡಬೇಕೆಂಬುದನ್ನು ಪ್ರತಿ ಸುಂಕದ ಕಚೇರಿಯ ಬಾಗಿಲಲ್ಲಿ, ಜನ ಓದಬಲ್ಲ ಭಾಷೆಯಲ್ಲಿ ಬರೆದು ಹಾಕುವುದು ಉಪಕಾರವಲ್ಲ, ಕರ್ತವ್ಯ. ಕಾಗದದ ಘೋಷಣೆಯನ್ನು ಓದಿ ಸುಂಕ ಕಟ್ಟಿಸಿಕೊಳ್ಳಬಲ್ಲ ಹಳಬರು ನಿವೃತ್ತರಾಗುವ ಮುನ್ನ, ಹೊಸಬರಿಗೆ ಆ ವಿದ್ಯೆಯನ್ನು ವರ್ಷಕ್ಕೊಮ್ಮೆಯಾದರೂ ಕಲಿಸಿಡುವುದೂ ಅಷ್ಟೇ ಅಗತ್ಯ.

ಯಂತ್ರವನ್ನು ತೆಗೆದುಹಾಕಿ ಹಳೆಯ ಕಟ್ಟೆಗೆ ಹಿಂದಿರುಗಬೇಕೆಂದು ಯಾರೂ ಹೇಳಲಾರರು. ಕಾಗದದ ಕಾಲದಲ್ಲಿ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ದಿನ ಹಿಡಿಯುತ್ತಿತ್ತೆಂಬುದನ್ನು ಬಲ್ಲವರು ಬಲ್ಲರು. ಆದರೆ ವಿದ್ಯುದ್ದೀಪ ಬಂದಿತೆಂದು ಯಾವ ಗೃಹಿಣಿಯೂ ಮನೆಯ ದೀಪದ ಕಂಬವನ್ನು ಹೊರಗೆಸೆಯಲಿಲ್ಲ. ಬತ್ತಿ, ಎಣ್ಣೆ, ಕಡ್ಡಿಪೆಟ್ಟಿಗೆ ಎಲ್ಲಿವೆಯೆಂಬುದು ಕತ್ತಲೆಯಲ್ಲಿಯೂ ಅವಳ ಕೈಗೆ ತಿಳಿದಿರುತ್ತದೆ. ಆಮದಿನ ವ್ಯವಹಾರ ಮಾಡುವವರ ಮೇಜಿನಲ್ಲಿಯೂ ಅಂಥದೊಂದು ಗೂಡಿರಲಿ. ಆಯುಕ್ತರಿಗೆ ಕೊಡಬೇಕಾದ ಅರ್ಜಿಯ ನಮೂನೆ, ಬೆಲೆಪಟ್ಟಿಯ ಅಚ್ಚಾದ ಪ್ರತಿಗಳು, ದೂರಿನ ಸಂಖ್ಯೆ ಬರೆಯಲು ಒಂದು ದಿನಚರಿ ಪುಸ್ತಕ, ಇಷ್ಟು ಅದರಲ್ಲಿದ್ದರೆ ಸಾಕು.